ಕನ್ನಡದ ಕಿವಿಯಿಂದ ಮ್ಯಾಂಡರಿನ್: ದಿನದ ಮಾತುಕತೆಗೆ ಬೇಕಾದಷ್ಟು ಕಲಿಯುವ ದಾರಿ

ಚೀನಾದ ಷೆಂಜೆನ್‌ಗೆ ಹೋದ ಎರಡನೇ ವಾರ. ಮನೆ ಕೆಳಗಿನ ಅಂಗಡಿಗೆ ಉಪ್ಪು ತರಲು ಹೋದೆ. ಉಪ್ಪಿಗೆ ‘ಯೆನ್’ ಅಂತ ಫೋನಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದೆ. ಗಲ್ಲಾದಲ್ಲಿದ್ದ ಹೆಂಗಸಿಗೆ ‘ಯೆನ್’ ಅಂದೆ. ಆಕೆ ಹಿಂದಿನ ಕಪಾಟಿನ ಸಿಗರೇಟ್ ಸಾಲು ತೋರಿಸಿ, ಯಾವುದು ಅಂತ ಕೈಯಲ್ಲೇ ಕೇಳಿದಳು. ಕೇಳಿಸಲಿಲ್ಲವೇನೋ ಅಂತ ನಾನು ಗಟ್ಟಿಯಾಗಿ, ಎಳೆದು ‘ಯೆ...ನ್’ ಅಂದೆ. ಆಕೆ ಇನ್ನೂ ದುಬಾರಿ ಪ್ಯಾಕ್ ಒಂದನ್ನು ತೆಗೆದಿಟ್ಟಳು.

ಉಪ್ಪೂ ‘ಯೆನ್’, ಸಿಗರೇಟೂ ‘ಯೆನ್’. ದನಿ ಮೇಲೆ ಸಮವಾಗಿ ನಿಂತರೆ ಸಿಗರೇಟು. ಕೆಳಗಿಂದ ಮೇಲಕ್ಕೆ ಏರಿದರೆ ಉಪ್ಪು. ನಾನು ಸ್ಪಷ್ಟವಾಗಲಿ ಅಂತ ಎಳೆದಷ್ಟೂ ಅದು ಇನ್ನಷ್ಟು ಪಕ್ಕಾ ಸಿಗರೇಟಾಗುತ್ತಿತ್ತು.

ಆ ಊರಲ್ಲಿ ಎರಡು ವರ್ಷ ಇದ್ದೆ. ಮೊದಲ ಆರು ತಿಂಗಳು ಇಂಗ್ಲಿಷ್ ಮೂಲಕ ಕಲಿತೆ, ಒದ್ದಾಡಿದೆ. ಆಮೇಲೆ ಒಂದು ದಿನ ಹೊಳೆಯಿತು: ಇಂಗ್ಲಿಷಿನವರಿಗೆ ಕಷ್ಟವಾಗುವ ಅರ್ಧ ಸಂಗತಿಗಳು ನಮ್ಮ ಕನ್ನಡದಲ್ಲಿ ಆಗಲೇ ಇವೆ. ನಾನೇ ಸುಮ್ನೆ ಸುತ್ತು ದಾರಿ ಹಿಡಿದಿದ್ದೆ. ಇಲ್ಲಿ ಹೇಳುವುದು ನೇರ ದಾರಿ. ಓದು ಬರಹ ಬದಿಗಿಡಿ. ನೆರೆಯವರ ಜೊತೆ ಎರಡು ಮಾತು, ಊಟ, ಸಂತೆ, ಯಾರದೋ ಮನೆಗೆ ಹೋಗಿ ಬರುವುದು, ಇಷ್ಟಕ್ಕೆ ಸಾಲುವಷ್ಟು ಮಾತು ನಮ್ಮ ಗುರಿ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಆಗುತ್ತದೆ.

ಚೀನಾದಲ್ಲಿ ಮ್ಯಾಂಡರಿನ್ ಭಾಷೆಗೆ ‘ಫು ಥುಂಗ್ ಹ್ವಾ’ ಅನ್ನುತ್ತಾರೆ. ಎಲ್ಲರಿಗೂ ಸಾಮಾನ್ಯವಾದ ಮಾತು ಅಂತ ಅರ್ಥ. ತೈವಾನ್‌ನಲ್ಲಿ ‘ಕ್ವೊ ಯು’, ಸಿಂಗಾಪುರದಲ್ಲಿ ‘ಹ್ವಾ ಯು’. ಹೆಸರು ಬೇರೆ, ಭಾಷೆ ಒಂದೇ. ಸಿಂಗಾಪುರದಲ್ಲಿ 1979ರಿಂದ ಸರ್ಕಾರವೇ ‘ಮ್ಯಾಂಡರಿನ್ ಮಾತಾಡಿ’ ಅಂತ ಆಂದೋಲನ ನಡೆಸಿದೆ. ಹಾಗಾಗಿ ಅಲ್ಲಿರುವ ಕನ್ನಡಿಗರಿಗೂ ಇದು ಕೆಲಸಕ್ಕೆ ಬರುತ್ತದೆ. ಇನ್ನು ಚೀನಾಕ್ಕೆ ವೈದ್ಯಕೀಯ ಓದಲು ಹೋಗುವವರಿಗಂತೂ ಬೇಕೇ ಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನ ರೋಗಿ ಮಾತಾಡುವುದು ಚೀನಿಯಲ್ಲೇ.

ಹೆಜ್ಜೆ 1: ಮೊದಲ ಎರಡು ವಾರ ದನಿ ಮಾತ್ರ

ಪದ ಕಲಿಯುವ ಆತುರ ಬೇಡ. ಮ್ಯಾಂಡರಿನ್‌ನಲ್ಲಿ ಒಟ್ಟು ಇರುವುದೇ ಸುಮಾರು 400 ಉಚ್ಚಾರದ ತುಣುಕುಗಳು. ಅಷ್ಟರಲ್ಲೇ ಇಡೀ ಭಾಷೆ ನಡೆಯಬೇಕು. ಆ ಕೊರತೆಯನ್ನು ತುಂಬುವುದು ದನಿಯ ಏರಿಳಿತ. ದನಿಗಳು ನಾಲ್ಕು, ಜೊತೆಗೆ ಒತ್ತಿಲ್ಲದ ಚಿಕ್ಕ ದನಿ ಒಂದು. ನಮ್ಮ ಬಾಯಲ್ಲಿ ಇವು ಎಲ್ಲವೂ ಇವೆ, ಆದರೆ ನಾವು ಅವುಗಳನ್ನು ಸಿಟ್ಟು, ಬೇಸರ, ಬೆರಗು ತೋರಿಸಲು ಬಳಸುತ್ತೇವೆ. ಅಲ್ಲಿಂದಲೇ ಹಿಡಿಯೋಣ.

ಒಂದನೇ ದನಿ: ಗಂಟಲು ನೋಡಲು ಡಾಕ್ಟರು ‘ಆ ಅನ್ನಿ’ ಅಂದಾಗ ಬರುವ ‘ಆ...’. ಎತ್ತರದಲ್ಲಿ, ಅಲುಗಾಡದೆ.

ಎರಡನೇ ದನಿ: ಕೇಳಿಸದಿದ್ದಾಗ ‘ಹಾಂ?’ ಅಂತೀವಲ್ಲ, ಆ ಏರಿಕೆ.

ಮೂರನೇ ದನಿ: ಮನಸ್ಸಿಲ್ಲದೆ ಒಪ್ಪುವಾಗ ಎದೆಯಾಳದಿಂದ ಬರುವ ‘ಹೂಂ...’. ಪುಸ್ತಕಗಳಲ್ಲಿ ಇದನ್ನು ಇಳಿದು ಮತ್ತೆ ಏರುವ ಬಳ್ಳಿಯ ಹಾಗೆ ಬರೆದಿರುತ್ತಾರೆ. ಅದನ್ನು ನಂಬಿ ನಾನು ಪ್ರತಿ ಮೂರನೇ ದನಿಗೂ ಉಯ್ಯಾಲೆ ಆಡುತ್ತಿದ್ದೆ. ಆ ಏರಿಕೆ ಬರುವುದು ಪದ ಒಂಟಿಯಾಗಿದ್ದಾಗ ಅಥವಾ ಮಾತಿನ ಕೊನೆಯಲ್ಲಿ. ಮಾತಿನ ನಡುವೆ ಇದು ಸುಮ್ನೆ ಕೆಳಗೆ ಕೂರುವ ದನಿ.

ನಾಲ್ಕನೇ ದನಿ: ಮಗುವನ್ನು ಗದರುವ ‘ಏಯ್!’. ಮೇಲಿಂದ ಧಡಕ್ಕನೆ ಕೆಳಕ್ಕೆ.

ಮುಂದೆ ಪ್ರತಿ ಪದದ ಪಕ್ಕದಲ್ಲಿ ಈ ಅಂಕಿಗಳನ್ನೇ ಹಾಕಿದ್ದೇನೆ. ಅಂಕಿ ಇಲ್ಲದಿದ್ದರೆ ಒತ್ತಿಲ್ಲದ ದನಿ. ಹಾಗಾಗಿ ಸಿಗರೇಟು ಯೆನ್1, ಉಪ್ಪು ಯೆನ್2. ಸೂಪು ಥಾಂಗ್1, ಸಕ್ಕರೆ ಥಾಂಗ್2. ಕೊಳ್ಳುವುದು ಮಾಯ್3, ಮಾರುವುದು ಮಾಯ್4. ಕೊಳ್ಳುವುದಕ್ಕೂ ಮಾರುವುದಕ್ಕೂ ಒಂದೇ ಸದ್ದು ಇಟ್ಟ ಪುಣ್ಯಾತ್ಮ ಯಾರೋ!

ಒಂದೊಂದೇ ತುಣುಕನ್ನು ಅಭ್ಯಾಸ ಮಾಡಿದರೆ ಪ್ರಯೋಜನ ಕಡಿಮೆ. ಎರಡೆರಡು ತುಣುಕಿನ ಜೋಡಿ ಹಿಡಿಯಿರಿ. ನಿಮಗೆ ಆಗಲೇ ಗೊತ್ತಿರುವ ಹೆಸರುಗಳೇ ಸಾಕು:

ಚುಂಗ್1 ಕ್ವೊ2 (ಚೀನಾ), ಷನ್1 ಚನ್4 (ಷೆಂಜೆನ್), ಥಾಯ್2 ವಾನ್1 (ತೈವಾನ್), ಹ್ವಾ2 ವೆಯ್2 (ಹುವಾವೆ), ಪೆಯ್3 ಚಿಂಗ್1 (ಬೀಜಿಂಗ್), ಷಾಂಗ್4 ಹಾಯ್3 (ಶಾಂಘೈ).

ಇವನ್ನು ಕೈ ಆಡಿಸುತ್ತಾ ಹೇಳಿ. ದನಿ ಏರುವಾಗ ಕೈ ಮೇಲೆ, ಇಳಿಯುವಾಗ ಕೆಳಗೆ. ನೋಡಿದವರು ನಗಬಹುದು. ಆದರೆ ನನಗೆ ದನಿ ನಿಂತದ್ದು ಹೀಗೇ.

ದನಿ ಬದಲಾಗುವ ಜಾಗ ಮೂರು ಇವೆ. ಎರಡು ಮೂರನೇ ದನಿಗಳು ಅಕ್ಕಪಕ್ಕ ಬಂದರೆ ಮೊದಲಿನದು ಎರಡನೇ ದನಿಯಾಗುತ್ತದೆ. ಶಿಯೋಮಿ ಫೋನ್ ನೋಡಿ. ಬರೆಯುವಾಗ ಶ್ಯಾವ್3 ಮಿ3, ಹೇಳುವಾಗ ಶ್ಯಾವ್2 ಮಿ3. ಅಂದಹಾಗೆ ‘ಶ್ಯಾವ್ ಮಿ’ ಅಂದರೆ ನವಣೆ! ಎರಡನೆಯದು, ‘ಇಲ್ಲ/ಅಲ್ಲ’ ಎನ್ನುವ ಪು4, ಇನ್ನೊಂದು ನಾಲ್ಕನೇ ದನಿಯ ಮುಂದೆ ಬಂದರೆ ಪು2 ಆಗುತ್ತದೆ. ಮೂರನೆಯದು, ‘ಒಂದು’ ಎನ್ನುವ ಯಿ1. ನಾಲ್ಕನೇ ದನಿಯ ಮುಂದೆ ಅದು ಯಿ2, ಉಳಿದವುಗಳ ಮುಂದೆ ಯಿ4. ‘ಪು’ ಮತ್ತು ‘ಯಿ’ಗೆ ನಾನು ಹೇಳುವ ದನಿಯನ್ನೇ ಬರೆದಿದ್ದೇನೆ. ಮೂರನೇ ದನಿಯ ಜೋಡಿಯನ್ನು ಮಾತ್ರ ನೀವೇ ಗಮನಿಸಿಕೊಳ್ಳಿ.

ಒಂದು ಎಚ್ಚರ. ನಾವು ಪ್ರಶ್ನೆ ಕೇಳುವಾಗ ಮಾತಿನ ಕೊನೆಯನ್ನು ಮೇಲಕ್ಕೆತ್ತುತ್ತೇವೆ. ಅಲ್ಲಿ ಹಾಗೆ ಎತ್ತಿದರೆ ಕೊನೆಯ ಪದದ ದನಿಯೇ ಕೆಟ್ಟು ಬೇರೆ ಪದವಾಗಬಹುದು. ಪ್ರಶ್ನೆಗೆ ಬೇರೆ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಹೆಜ್ಜೆ 2: ಅಲ್ಪಪ್ರಾಣ, ಮಹಾಪ್ರಾಣ

ಚೀನಿ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅನ್ನುತ್ತಾರೆ. 1958ರಲ್ಲಿ ಚೀನಾ ಇದನ್ನು ಅಧಿಕೃತ ಮಾಡಿತು. ಕಲಿಯಲೇಬೇಕು, ಏಕೆಂದರೆ ಫೋನಿನಲ್ಲಿ ಟೈಪ್ ಮಾಡುವುದೂ ನಿಘಂಟು ನೋಡುವುದೂ ಅದರಲ್ಲೇ. ಆದರೆ ಅದನ್ನು ಇಂಗ್ಲಿಷಿನ ಹಾಗೆ ಓದಿದರೆ ಕೆಟ್ಟಿರಿ.

ಪಿನ್‌ಯಿನ್‌ನ ‘ಬಿ’ ಅಕ್ಷರ ನಮ್ಮ ಬ ಅಲ್ಲ, ಅದು ಪ. ‘ಪಿ’ ಅಕ್ಷರ ಮಹಾಪ್ರಾಣದ ಫ. ‘ಡಿ’ ಅಂದರೆ ತ, ‘ಟಿ’ ಅಂದರೆ ಥ. ‘ಜಿ’ ಅಂದರೆ ಕ, ‘ಕೆ’ ಅಂದರೆ ಖ. ಬ, ದ, ಗ, ಜ ಎಂಬ ಗುಡುಗುವ ವ್ಯಂಜನಗಳು ಮ್ಯಾಂಡರಿನ್‌ನಲ್ಲಿ ಇಲ್ಲವೇ ಇಲ್ಲ ಅನ್ನಿ. ಹಾಗಾಗಿಯೇ ಬೀಜಿಂಗ್ ನಿಜಕ್ಕೂ ಪೆಯ್3 ಚಿಂಗ್1. ಇಂಗ್ಲಿಷಿನವರು ಈ ವ್ಯತ್ಯಾಸ ಕೇಳಿಸಿಕೊಳ್ಳಲು ತಿಂಗಳುಗಟ್ಟಲೆ ಕೂರುತ್ತಾರೆ. ನಮಗೆ ಒಂದನೇ ತರಗತಿಯಲ್ಲೇ ಕಾಗುಣಿತದ ಜೊತೆ ಕೊಟ್ಟಿದ್ದಾರೆ.

ಕೊಟ್ಟಿದ್ದಾರೆ ನಿಜ, ಆದರೆ ಮಾತಾಡುವಾಗ ನಾವು ಮಹಾಪ್ರಾಣ ನುಂಗುವುದೇ ಜಾಸ್ತಿ, ಅಲ್ವಾ? ಅಲ್ಲಿ ನುಂಗುವ ಹಾಗಿಲ್ಲ. ಬಾಯಿ ಮುಂದೆ ತೆಳು ಕಾಗದ ಹಿಡಿಯಿರಿ. ‘ಪಾ’ ಅಂದರೆ ಕಾಗದ ಸುಮ್ಮನಿರಬೇಕು, ‘ಫಾ’ ಅಂದರೆ ಹಾರಬೇಕು. ತುಟಿ-ಹಲ್ಲು ಸೇರಿಸಿ ಹೇಳುವ ಇಂಗ್ಲಿಷ್ ಮಾದರಿಯ ಸದ್ದಿಗೆ ನಾನು ಚುಕ್ಕಿ ಇಟ್ಟು ಫ಼ ಅಂತ ಬರೆದಿದ್ದೇನೆ. ಚುಕ್ಕಿ ಇಲ್ಲದ ಫ ಬಂದರೆ ಅದು ಪ್ ಜೊತೆ ಹ್.

ಇನ್ನು ಚ, ಛ. ಇವುಗಳಿಗೆ ಇ ಅಥವಾ ಯ ಸೇರಿದ್ದರೆ (ಚಿ, ಛ್ಯೆ) ನಾಲಿಗೆ ತುದಿ ಕೆಳಹಲ್ಲಿನ ಹಿಂದೆ ಇರಲಿ. ಬೇರೆ ಕಡೆ (ಚ, ಛಾ, ಚು) ನಾಲಿಗೆಯನ್ನು ಟ, ಡ ಹೇಳುವಾಗಿನಂತೆ ಮೇಲೆ ಮಡಿಸಿ. ಶ-ಷ ವ್ಯತ್ಯಾಸವೂ ಇದೇ. ಶಾಲೆಯಲ್ಲಿ ಶ ಬೇರೆ ಷ ಬೇರೆ ಅಂತ ಮೇಷ್ಟ್ರು ಬಡಿದು ಹೇಳಿದ್ದು ನನಗೆ ಮೊದಲ ಸಲ ಉಪಯೋಗಕ್ಕೆ ಬಂದಿದ್ದು ಚೀನಾದಲ್ಲಿ. ಷರ್, ಛರ್, ಚರ್ ಅಂತ ಬರೆದಲ್ಲಿ ಕೊನೆಯ ರ್ ಪೂರ್ತಿ ಹೇಳಬೇಡಿ, ಮಡಿಸಿದ ನಾಲಿಗೆಯ ಗುಂಯ್ ಸದ್ದು ಅಷ್ಟೇ. ‘ಯು’ ಸ್ವರ ಮಾತ್ರ ಹೊಸದು: ‘ಈ’ ಅನ್ನುತ್ತಾ ತುಟಿಯನ್ನು ಶಿಳ್ಳೆ ಹಾಕುವಂತೆ ಮಾಡಿ.

ಬರಹದಲ್ಲಿ ಎಷ್ಟು ಹೇಳಿದರೂ ಇದು ಅಂದಾಜು. ಪ್ಲೆಕೊ ಎಂಬ ನಿಘಂಟು ಆ್ಯಪ್ ಹಾಕಿಕೊಂಡು ಪ್ರತಿ ಪದವನ್ನೂ ಕಿವಿಯಿಂದ ಕೇಳಿ.

ಹೆಜ್ಜೆ 3: ಇಲ್ಲ, ಅಲ್ಲ, ಬೇಡ, ಸಾಕು

ನನ್ನ ಪ್ರಕಾರ ಇಡೀ ಕಲಿಕೆಯಲ್ಲಿ ಸಿಹಿಯಾದ ಭಾಗ ಇದು. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಒಂದೇ ‘ನೋ’. ನಮಗೆ ಹಾಗಲ್ಲ. ದುಡ್ಡು ‘ಇಲ್ಲ’, ಇದು ನನ್ನದು ‘ಅಲ್ಲ’, ಇನ್ನು ‘ಬೇಡ’. ಮೂರೂ ಬೇರೆ ಬೇರೆ. ಮ್ಯಾಂಡರಿನ್ ಕೂಡ ಹೀಗೇ ಬಿಡಿಸಿ ಹೇಳುತ್ತದೆ:

ಇದೆ: ಯೊವ್3. ಇಲ್ಲ: ಮೆಯ್2 ಯೊವ್3.
ಹೌದು: ಷರ್4. ಅಲ್ಲ: ಪು2 ಷರ್4.
ಬೇಕು: ಯಾವ್4. ಬೇಡ: ಪು2 ಯಾವ್4.
ಆಗುತ್ತೆ: ಶಿಂಗ್2. ಆಗಲ್ಲ: ಪು4 ಶಿಂಗ್2.
(ಮಾಡಲು) ಬರುತ್ತೆ: ಹ್ವೆಯ್4. ಬರಲ್ಲ: ಪು2 ಹ್ವೆಯ್4.
ಗೊತ್ತು: ಚರ್1 ತಾವ್. ಗೊತ್ತಿಲ್ಲ: ಪು4 ಚರ್1 ತಾವ್4.
ಸಾಕು: ಕೊವ್4 ಲ.

ಈ ಏಳು ಸಾಲು ಗಟ್ಟಿಯಾದರೆ ಒಂದು ವಾರದ ಬದುಕು ನಡೆಯುತ್ತದೆ. ಎದುರು ಸಿಕ್ಕಿದ್ದಕ್ಕೆ ಬೆರಳು ತೋರಿಸಿ ‘ಚ4 ಕ’ (ಇದು), ‘ನಾ4 ಕ’ (ಅದು) ಅಂತ ಸೇರಿಸಿ. ‘ಚ4 ಕ ಪು2 ಯಾವ್4’: ಇದು ಬೇಡ. ಮಾತು ಸಿಗದೆ ತಡವರಿಸುವಾಗ ನಾವು ‘ಅದು... ಅದೇ...’ ಅಂತೀವಲ್ಲ, ಚೀನಿಯರೂ ‘ನೆಯ್4 ಕ... ನೆಯ್4 ಕ...’ ಅಂತ ಅದೇ ಪದವನ್ನೇ ಎಳೆಯುತ್ತಾರೆ.

ಪ್ರಶ್ನೆಯೂ ಸಲೀಸು. ನಾವು ‘ಇದೆ’ಗೆ ‘ಆ’ ಸೇರಿಸಿ ‘ಇದೆಯಾ’ ಅಂತೀವಿ. ಅವರು ಕೊನೆಗೆ ‘ಮ’ ಸೇರಿಸುತ್ತಾರೆ: ಯೊವ್3 ಮ? ‘ಇದೆಯಾ ಇಲ್ವಾ’ ಅನ್ನಲು ಯೊವ್3 ಮೆಯ್2 ಯೊವ್3? ‘ಅಲ್ವಾ’ ಅನ್ನಲು ತ್ವೆಯ್4 ಪ? ‘ಹೋಗೋಣ’ ಅನ್ನಲು ತ್ಸೊವ್3 ಪ. ಉತ್ತರಕ್ಕೂ ನಮ್ಮದೇ ರೀತಿ. ‘ಬರ್ತೀಯಾ?’ ಅಂದರೆ ನಾವು ‘ಬರ್ತೀನಿ’ ಅಂತೀವಿ. ಅವರೂ ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಹೇಳುತ್ತಾರೆ. ಯಾವ್4 ಮ? ಯಾವ್4.

ಕ್ರಿಯಾಪದಕ್ಕೆ ಲಿಂಗ, ವಚನ, ಕಾಲ ಯಾವುದೂ ಇಲ್ಲ. ಅವನು, ಅವಳು, ಅದು ಎಲ್ಲಕ್ಕೂ ಥಾ1. ಮುಗಿದ ಕೆಲಸಕ್ಕೆ ‘ಲ’ ಬಾಲ: ಛರ್1 ಲ, ತಿಂದಾಯ್ತು. ‘ನನ್ನ’ ಅನ್ನಲು ವೊ3 ತ. ‘ನಾನು ಕೊಂಡ ಫೋನ್’ ಅನ್ನಲು ವೊ3 ಮಾಯ್3 ತ ಷೊವ್3 ಚಿ1, ಪದಗಳ ಸಾಲು ನಮ್ಮದೇ.

ಕನ್ನಡ ಕೈಕೊಡುವ ಜಾಗ ಒಂದಿದೆ. ನಾವು ‘ಅನ್ನ ತಿಂತೀನಿ’ ಅಂತೀವಿ, ಅವರು ‘ತಿನ್ನು ಅನ್ನ’. ‘ನಾನು ನಾಳೆ ಮನೇಲಿ ಊಟ ಮಾಡ್ತೀನಿ’ ಅನ್ನಲು: ವೊ3 ಮಿಂಗ್2 ಥ್ಯೆನ್1 ತ್ಸಾಯ್4 ಚ್ಯಾ1 ಛರ್1 ಫ಼ಾನ್4. ನಾನು, ನಾಳೆ, ಮನೇಲಿ ತನಕ ಕನ್ನಡದ ಸಾಲೇ. ಕೊನೆಯ ಎರಡು ಮಾತ್ರ ತಿರುವುಮುರುವು.

ಹೆಜ್ಜೆ 4: ಯಾರನ್ನು ಏನಂತ ಕರೆಯಬೇಕು

ಇಲ್ಲೂ ನಾವು ಅದೃಷ್ಟವಂತರು. ಅಣ್ಣ ಕ1 ಕ, ತಮ್ಮ ತಿ4 ತಿ, ಅಕ್ಕ ಚ್ಯೆ3 ಚ್ಯೆ, ತಂಗಿ ಮೆಯ್4 ಮೆಯ್. ಎಲ್ಲರೂ ‘ಅಂಕಲ್’ ಅಲ್ಲ: ದೊಡ್ಡಪ್ಪ ಪ್ವೊ2 ಪ್ವೊ, ಚಿಕ್ಕಪ್ಪ ಷು1 ಷು, ಸೋದರಮಾವ ಚ್ಯೊವ್4 ಚ್ಯೊವ್.

ಸಂಬಂಧ ಇಲ್ಲದವರಿಗೂ ಈ ಪದಗಳು ನಡೆಯುತ್ತವೆ. ಅಪ್ಪನ ವಯಸ್ಸಿನವರಿಗೆ ಷು1 ಷು, ಅಮ್ಮನ ವಯಸ್ಸಿನವರಿಗೆ ಆ1 ಯಿ2. ಮನೆಗೆಲಸಕ್ಕೆ ಬರುವವರಿಗೂ ಆ1 ಯಿ2 ಅಂತಲೇ. ಟ್ಯಾಕ್ಸಿಯವರು, ನಲ್ಲಿ ರಿಪೇರಿಯವರು, ಹೀಗೆ ಕೈಕಸುಬಿನವರನ್ನೆಲ್ಲ ಷರ್1 ಫ಼ು ಅನ್ನಿ. ನಮ್ಮ ‘ಮೇಸ್ತ್ರಿ’ಯ ಹಾಗೆ, ಅದರಲ್ಲಿ ಮರ್ಯಾದೆ ಇದೆ. ಅಂಗಡಿ, ಹೋಟೆಲಿನ ಮಾಲೀಕರು ಲಾವ್3 ಪಾನ್3. ಹೋಟೆಲಿನಲ್ಲಿ ಬಡಿಸುವವರು ಫ಼ು2 ವು4 ಯುವೆನ್2. ಹುಡುಗಿಯರನ್ನು ಕರೆಯಲು ಹಳೆಯ ಪುಸ್ತಕಗಳಲ್ಲಿ ‘ಶ್ಯಾವ್ ಚ್ಯೆ’ ಅಂತ ಇರುತ್ತದೆ. ಚೀನಾದಲ್ಲಿ ಅದಕ್ಕೆ ಕೆಟ್ಟ ಅರ್ಥವೂ ಅಂಟಿಕೊಂಡಿದೆ, ಬಿಟ್ಟುಬಿಡಿ.

ನೀನು ನಿ3, ನೀವು ನಿನ್2. ಆದರೆ ನಮ್ಮಷ್ಟು ಕಟ್ಟುನಿಟ್ಟಿಲ್ಲ. ವಯಸ್ಸಾದವರಿಗೆ, ಮೊದಲ ಭೇಟಿಗೆ ನಿನ್2 ಬಳಸಿ, ಉಳಿದೆಡೆ ನಿ3 ಸಾಕು. ಮರ್ಯಾದೆ ಜಾಸ್ತಿ ಕಾಣುವುದು ಹೆಸರಿನ ಹಿಂದಿನ ಪದದಲ್ಲಿ. ಮನೆತನದ ಹೆಸರು ಮೊದಲು, ಆಮೇಲೆ ಹುದ್ದೆ: ವಾಂಗ್2 ಲಾವ್3 ಷರ್1 ಅಂದರೆ ವಾಂಗ್ ಮೇಷ್ಟ್ರು.

ಹೆಜ್ಜೆ 5: ಪರಿಚಯ, ಹರಟೆ

ನಿ3 ಹಾವ್3 ಎಲ್ಲರಿಗೂ ಗೊತ್ತು. ನಿಜ ಹೇಳಬೇಕೆಂದರೆ ದಿನಾ ನೋಡುವವರು ಒಬ್ಬರಿಗೊಬ್ಬರು ಹಾಗೆ ಹೇಳುವುದು ಕಡಿಮೆ. ನಮ್ಮ ಮಹಡಿಯ ಅಜ್ಜ ಒಬ್ಬರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದದ್ದು ‘ಛರ್1 ಲ ಮ?’. ಅಂದರೆ ‘ಊಟ ಆಯ್ತಾ?’. ಮೊದಲ ಸಲ ಅರ್ಥವಾದಾಗ ಊರಿಗೇ ಹೋದಂತಾಯಿತು. ನಮ್ಮಲ್ಲಿ ಹೇಗೋ ಅಲ್ಲೂ ಹಾಗೇ. ಅವರು ಊಟಕ್ಕೆ ಕರೆಯುತ್ತಿಲ್ಲ. ‘ಛರ್1 ಲ, ನಿನ್2 ನ?’ (ಆಯ್ತು, ನಿಮ್ಮದು?) ಅಂದರೆ ಮುಗಿಯಿತು. ಹುಡುಗರ ಬಾಯಲ್ಲಿ ಇದು ಈಗ ಕಡಿಮೆ, ಹಿರಿಯರಲ್ಲಿ ಇದೆ. ಸಂಜೆ ಬ್ಯಾಗ್ ಹೊತ್ತು ಬರುವವರಿಗೆ ‘ಶ್ಯಾ4 ಪಾನ್1 ಲಾ?’ (ಕೆಲಸ ಮುಗೀತಾ?) ಅನ್ನಬಹುದು. ಕಣ್ಣಿಗೆ ಕಂಡಿದ್ದನ್ನೇ ಕೇಳುವುದು, ‘ಏನ್ ಸಾರ್, ಪೇಟೆಗಾ?’ ಅನ್ನುವ ಹಾಗೆ.

ಹೊಸಬರ ಜೊತೆ ಮಾತು ಸಾಗುವ ದಾರಿ ಹೆಚ್ಚುಕಮ್ಮಿ ಒಂದೇ. ಅವರು ಕೇಳುವುದು: ನಿ3 ಷರ್4 ನಾ3 ಕ್ವೊ2 ರನ್2? (ಯಾವ ದೇಶದವರು?) ನೀವು: ವೊ3 ಷರ್4 ಯಿನ್4 ತು4 ರನ್2 (ಭಾರತದವನು/ಳು). ಊರು ಕೇಳಿದರೆ ಬೆಂಗಳೂರಿಗೆ ಅಲ್ಲಿ ಬೇರೆಯೇ ಹೆಸರಿದೆ: ಪಾನ್1 ಚ್ಯಾ1 ಲ್ವೊ2 ಅರ್3. ಹೆಸರಿಗೆ ‘ವೊ3 ಚ್ಯಾವ್4...’ ಅಂತ ಸೇರಿಸಿ. ‘ನಿನ್2 ಕ್ವೆಯ್4 ಶಿಂಗ್4?’ ಅಂತ ಕೇಳಿದರೆ ಮನೆತನದ ಹೆಸರು ಕೇಳುತ್ತಿದ್ದಾರೆ. ಇನಿಶಿಯಲ್ ಇಟ್ಟುಕೊಂಡ ನಮ್ಮಂಥವರಿಗೆ ಇಲ್ಲಿ ಪೇಚು. ನಿಮ್ಮ ಹೆಸರಿನ ಮೊದಲ ಅಕ್ಷರಕ್ಕೆ ಹತ್ತಿರವಾದ ಒಂದು ಚೀನಿ ಹೆಸರನ್ನು ಗೆಳೆಯರಿಂದ ಇಡಿಸಿಕೊಳ್ಳಿ.

ಆಮೇಲೆ ಮದುವೆ ಆಯ್ತಾ (ಚ್ಯೆ2 ಹುನ್1 ಲ ಮ?), ಮಕ್ಕಳಿದ್ದಾರಾ (ಯೊವ್3 ಹಾಯ್2 ತ್ಸ ಮ?) ಅಂತ ಶುರುವಾಗುತ್ತದೆ. ಸಂಬಳ ಕೇಳಿದರೂ ಬೆಚ್ಚಬೇಡಿ. ನಮ್ಮ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವುದಿಲ್ಲವೇ? ‘ಹಾಯ್2 ಶಿಂಗ್2’ (ಪರವಾಗಿಲ್ಲ, ನಡೀತಿದೆ) ಅಂದು ಜಾರಿಕೊಳ್ಳಿ.

ನೀವು ಎರಡು ಮಾತಾಡಿದ ಕೂಡಲೇ ಹೊಗಳಿಕೆ ಬರುತ್ತದೆ. ‘ಶ್ಯೆ4 ಶ್ಯೆ’ (ಧನ್ಯವಾದ) ಅನ್ನುವುದು ತಪ್ಪಲ್ಲ. ಆದರೆ ‘ನಾ3 ಲಿ ನಾ3 ಲಿ’ ಅನ್ನುವುದು ಹಳೆಯ ಸೊಗಸು. ಪದಕ್ಕೆ ಪದ ‘ಎಲ್ಲಿ, ಎಲ್ಲಿ’. ನಾವು ‘ಎಲ್ಲಿ ಬರುತ್ತೆ ಬಿಡಿ’ ಅನ್ನುವುದಿಲ್ಲವೇ, ಅದೇ. ಹತ್ತಿರದವರಿಗೆ ಮಾತುಮಾತಿಗೂ ಶ್ಯೆ4 ಶ್ಯೆ ಹೇಳಿದರೆ ದೂರ ಮಾಡಿದಂತೆ. ಮನೆಯಲ್ಲಿ ಅಮ್ಮ ನೀರು ಕೊಟ್ಟರೆ ನಾವು ಧನ್ಯವಾದ ಅನ್ನುತ್ತೇವೆಯೇ?

ದಾರಿ ಬಿಡಿ ಅನ್ನುವಾಗ, ಸಣ್ಣ ತೊಂದರೆ ಕೊಡುವಾಗ: ಪು4 ಹಾವ್3 ಯಿ4 ಸ. ನಿಜವಾದ ತಪ್ಪಿಗೆ: ತ್ವೆಯ್4 ಪು ಛಿ3. ಅದಕ್ಕೆ ಉತ್ತರ ಮೆಯ್2 ಕ್ವಾನ್1 ಶಿ, ಪರವಾಗಿಲ್ಲ.

ಮಾತು ಕುದುರಿತು ಅನ್ನುವುದರ ಗುರುತು ವೀಚಾಟ್. 2011ರಲ್ಲಿ ಬಂದ ಈ ಆ್ಯಪ್ ಇಲ್ಲದೆ ಅಲ್ಲಿ ಗೆಳೆತನವೇ ಇಲ್ಲ. ‘ಚ್ಯಾ1 ಕ ವೆಯ್1 ಶಿನ್4 ಪ’ ಅಂದರೆ ‘ವೀಚಾಟ್‌ನಲ್ಲಿ ಸೇರಿಸಿಕೊಳ್ಳೋಣ’.

ಹೆಜ್ಜೆ 6: ಊಟ

ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ. ‘ವೊ3 ಛರ್1 ಸು4’ ಅಂದರೆ ನಾನು ಸಸ್ಯಾಹಾರಿ. ಇಷ್ಟೇ ಹೇಳಿ ನಿಶ್ಚಿಂತೆಯಿಂದ ಕೂರಬೇಡಿ. ಕಣ್ಣಿಗೆ ಮಾಂಸದ ತುಂಡು ಕಾಣದಿದ್ದರೆ ಸಾಕು ಅಂತ ಅಡುಗೆಯವರು ಅಂದುಕೊಳ್ಳಬಹುದು. ಸಾರಿನ ನೀರು ಕೋಳಿಯದ್ದಿರಬಹುದು, ಎಣ್ಣೆ ಹಂದಿಯದ್ದಿರಬಹುದು (ಚು1 ಯೊವ್2). ಸುಮ್ನೆ ರೊವ್4 ಅಂದರೆ ಸಾಮಾನ್ಯವಾಗಿ ಹಂದಿಮಾಂಸ. ತೋಫು ಅಂದರೆ ಸಸ್ಯಾಹಾರ ಅಂತಲೂ ಅಲ್ಲ. ಹೆಸರುವಾಸಿ ಮಾ2 ಫ್ವೊ2 ತೊವ್4 ಫ಼ುನಲ್ಲಿ ಕೊಚ್ಚಿದ ಮಾಂಸ ಹಾಕುತ್ತಾರೆ.

ಹಾಗಾಗಿ ಒಂದೊಂದೇ ಕೇಳಿ. ‘ಲಿ3 ಮ್ಯೆನ್4 ಯೊವ್3 ರೊವ್4 ಮ?’ (ಒಳಗೆ ಮಾಂಸ ಇದೆಯಾ?) ರೊವ್4 ಜಾಗದಲ್ಲಿ ಯು2 (ಮೀನು), ಚಿ1 ತಾನ್4 (ಮೊಟ್ಟೆ) ಹಾಕಿ ಕೇಳಿ. ಬೇಡದ್ದಕ್ಕೆ ‘ಪು2 ಯಾವ್4’ ಸೇರಿಸಿ. ಈರುಳ್ಳಿ, ಬೆಳ್ಳುಳ್ಳಿಯೂ ಬೇಡ ಅನ್ನುವವರು ಬೌದ್ಧರ ಸಸ್ಯಾಹಾರಿ ಹೋಟೆಲು ಹುಡುಕಿ, ಅವರ ಸಂಪ್ರದಾಯದಲ್ಲೂ ಅವು ನಿಷಿದ್ಧ.

ನನ್ನನ್ನು ಬದುಕಿಸಿದ ಎರಡು ತಿಂಡಿ: ತಿ4 ಸಾನ್1 ಶ್ಯೆನ್1 (ಆಲೂಗಡ್ಡೆ, ಬದನೆಕಾಯಿ, ದೊಣ್ಣೆಮೆಣಸಿನಕಾಯಿ ಹುರಿದದ್ದು) ಮತ್ತು ಛಾವ್3 ಥು3 ತೊವ್4 ಸ1 (ಎಳೆಎಳೆಯಾಗಿ ಹೆಚ್ಚಿದ ಆಲೂಗಡ್ಡೆ). ಜೊತೆಗೆ ಮಿ3 ಫ಼ಾನ್4, ಅನ್ನ. ಖಾರ ಲಾ4. ಬಿಸಿನೀರು ಕೇಳಲು ನಾಚಬೇಡಿ (ಖಾಯ್1 ಷ್ವೆಯ್3). ಅಲ್ಲಿ ಎಲ್ಲರೂ ಕುಡಿಯುವುದು ಅದನ್ನೇ. ಚಹಾ ಛಾ2, ನಮ್ಮ ಪದ ಬಂದಿದ್ದೇ ಅಲ್ಲಿಂದ. ಗೋಬಿ ಮಂಚೂರಿ ಮಾತ್ರ ಕೇಳಬೇಡಿ, ಅವರು ಅದರ ಹೆಸರೇ ಕೇಳಿಲ್ಲ.

ಯಾರದಾದರೂ ಮನೆಗೆ ಕರೆದರೆ ಬರಿಗೈಲಿ ಹೋಗಬೇಡಿ, ಹಣ್ಣು ಒಯ್ಯಿರಿ. ಗಡಿಯಾರ ಬೇಡ. ಅದನ್ನು ‘ಕೊಡುವ’ ಮಾತು ಸತ್ತವರನ್ನು ಕಳುಹಿಸಿಕೊಡುವ ಮಾತಿನ ಹಾಗೇ ಕೇಳಿಸುತ್ತದೆ. ಚಾಪ್‌ಸ್ಟಿಕ್ ಅನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಇಡುವ ಎಡೆಯ ರೀತಿ. ಬಡಿಸುವಾಗ ‘ಸಾಕು’ ಅಂದರೆ ಯಾರೂ ನಂಬುವುದಿಲ್ಲ. ‘ಪ್ಯೆ2 ಖ4 ಛಿ’ (ಸಂಕೋಚ ಬೇಡ) ಅನ್ನುತ್ತಾ ಮತ್ತೆ ಹಾಕುತ್ತಾರೆ. ಊಟ ಬೇಗ ಮುಗಿಸಿ ಏಳುವವರು ಉಳಿದವರಿಗೆ ‘ಮಾನ್4 ಮಾನ್4 ಛರ್1’ ಅನ್ನುತ್ತಾರೆ. ನಮ್ಮ ಮದುವೆ ಪಂಕ್ತಿಯ ‘ಸಾವಕಾಶವಾಗಿ ಊಟ ಮಾಡಿ’ ಇದೇ.

ಹೆಂಡ ಕುಡಿಯದವರಿಗೆ ಒಂದು ರಾಮಬಾಣ: ‘ಯಿ3 ಛಾ2 ತಾಯ್4 ಚ್ಯೊವ್3’, ಹೆಂಡದ ಬದಲು ಚಹಾ. ಇದು ಅವರದೇ ಗಾದೆಯಂಥ ಮಾತು. ಲೋಟ ಎತ್ತಿ ಹೀಗಂದರೆ ನಕ್ಕು ಒಪ್ಪುತ್ತಾರೆ, ಒತ್ತಾಯ ನಿಲ್ಲುತ್ತದೆ.

ಹೆಜ್ಜೆ 7: ಸಂತೆ

ಒಂದರಿಂದ ಹತ್ತು: ಯಿ1, ಅರ್4, ಸಾನ್1, ಸ4, ವು3, ಲ್ಯೊವ್4, ಛಿ1, ಪಾ1, ಚ್ಯೊವ್3, ಷರ್2. ಹನ್ನೊಂದು ‘ಹತ್ತು ಒಂದು’, ಇಪ್ಪತ್ತು ‘ಎರಡು ಹತ್ತು’, ಹೀಗೇ 99ರ ತನಕ. ವಸ್ತು ಎಣಿಸುವಾಗ ಎರಡಕ್ಕೆ ಲ್ಯಾಂಗ್3 ಅನ್ನಬೇಕು. ದಕ್ಷಿಣದಲ್ಲಿ ಷ ಅನ್ನು ಸ ಅಂತ ಹೇಳುವವರು ಬಹಳ. ಆಗ ನಾಲ್ಕೂ ಹತ್ತೂ ಒಂದೇ ಥರ ಕೇಳಿಸುತ್ತವೆ, ಬೆರಳು ತೋರಿಸಿ ಖಾತ್ರಿ ಮಾಡಿಕೊಳ್ಳಿ.

ಎಷ್ಟು ದುಡ್ಡು? ತ್ವೊ1 ಷಾವ್ ಛ್ಯೆನ್2? ಉತ್ತರದಲ್ಲಿ ಬರುವ ‘ಖ್ವಾಯ್4’ ಅಂದರೆ ಯುವಾನ್. ತರಕಾರಿ ಬೆಲೆ ಹೇಳುವುದು ಕಿಲೋಗಲ್ಲ, ಚಿನ್1ಗೆ. ಒಂದು ಚಿನ್ ಅಂದರೆ 500 ಗ್ರಾಂ. ನಾನು ಒಂದು ತಿಂಗಳು ಎಲ್ಲ ಅಗ್ಗ ಅಂದುಕೊಂಡು ಖುಷಿಪಟ್ಟಿದ್ದೆ! ತುಂಬಾ ಜಾಸ್ತಿಯಾಯ್ತು: ಥಾಯ್4 ಕ್ವೆಯ್4 ಲ. ಸ್ವಲ್ಪ ಕಡಿಮೆ ಮಾಡಿ: ಫ್ಯೆನ್2 ಯಿ ಯಿ4 ತ್ಯೆನ್3. ಹಣ ಫೋನಿನಲ್ಲೇ. ‘ವೊ3 ಸಾವ್3 ನಿ3’ ಅಂದರೆ ನಾನು ಸ್ಕ್ಯಾನ್ ಮಾಡ್ತೀನಿ.

ದೊಡ್ಡ ಮೊತ್ತದಲ್ಲಿ ಎಡವಬೇಡಿ. ಅವರ ಲೆಕ್ಕ ಹತ್ತು ಸಾವಿರಕ್ಕೆ ಕಟ್ಟು ಹಾಕುತ್ತದೆ: ವಾನ್4. ನಮ್ಮ ಲಕ್ಷ ಅಂದರೆ ಹತ್ತು ವಾನ್, ಕೋಟಿ ಅಂದರೆ ಸಾವಿರ ವಾನ್.

ಹೆಜ್ಜೆ 8: ಮಾತು ತಪ್ಪಿದಾಗ

ಥಿಂಗ್1 ಪು ತುಂಗ್3: ಕೇಳಿಸ್ತು, ಅರ್ಥ ಆಗ್ಲಿಲ್ಲ.
ತ್ಸಾಯ್4 ಷ್ವೊ1 ಯಿ2 ಪ್ಯೆನ್4: ಇನ್ನೊಮ್ಮೆ ಹೇಳಿ.
ಮಾನ್4 ಯಿ4 ತ್ಯೆನ್3: ಸ್ವಲ್ಪ ನಿಧಾನ.
ಚ4 ಕ ತ್ಸನ್3 ಮ ಷ್ವೊ1: ಇದಕ್ಕೆ ಏನಂತಾರೆ?

ಕೊನೆಯದೇ ನಿಮ್ಮ ಮೇಷ್ಟ್ರು. ದಿನಕ್ಕೆ ಐದು ವಸ್ತುಗಳಿಗೆ ಬೆರಳು ತೋರಿಸಿ ಕೇಳಿ. ಕೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಅವರ ದನಿಯ ಮೇಲೆ ನಿಮ್ಮ ದನಿ ಕೂರಿಸಿ. ಎಚ್‌ಎಸ್‌ಕೆ ಎಂಬ ಚೀನಿ ಭಾಷಾ ಪರೀಕ್ಷೆಯ ಹಳೆಯ ಆರು ಹಂತದ ಪದ್ಧತಿಯಲ್ಲಿ ಮೊದಲ ಹಂತಕ್ಕೆ 150 ಪದ ಸಾಕಿತ್ತು. ಆ ಪಟ್ಟಿಯನ್ನು ಗುರಿ ಇಟ್ಟುಕೊಳ್ಳಬಹುದು, ಆದರೆ ಪದವನ್ನು ಎಂದೂ ದನಿ ಬಿಟ್ಟು ಕಲಿಯಬೇಡಿ. ದನಿ ಇಲ್ಲದೆ ಕಲಿತ ಪದವನ್ನು ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ. ಬೆಂಗಳೂರಲ್ಲೇ ಕೂತು ಕಲಿಯುವವರು ಆನ್‌ಲೈನಿನಲ್ಲಿ ವಾರಕ್ಕೊಮ್ಮೆಯಾದರೂ ಚೀನಿಯರೊಬ್ಬರ ಎದುರು ಬಾಯಿಬಿಡಿ. ಆ್ಯಪು ನಿಮ್ಮ ದನಿ ಸರಿ ಅಂತ ಬೆನ್ನು ತಟ್ಟುತ್ತದೆ, ಅಂಗಡಿಯವಳು ತಟ್ಟುವುದಿಲ್ಲ.

ಹೊರಡುವಾಗ

ತ್ಸಾಯ್4 ಚ್ಯೆನ್4 ಅಂದರೆ ‘ಮತ್ತೆ ಸಿಗೋಣ’. ಸ್ವಲ್ಪ ಗಂಭೀರ. ಗೆಳೆಯರು ಈಗ ‘ಪಾಯ್2 ಪಾಯ್2’ ಅನ್ನುತ್ತಾರೆ, ಬೈ ಬೈ ಅನ್ನುವುದರ ಚೀನಿ ರೂಪ. ಆತಿಥೇಯರು, ಅಂಗಡಿಯವರು ಹೋಗುವವರಿಗೆ ಹೇಳುವುದು ಬೇರೆ: ‘ಮಾನ್4 ತ್ಸೊವ್3’. ಪದಶಃ ‘ನಿಧಾನ ನಡೆಯಿರಿ’. ಹುಷಾರಾಗಿ ಹೋಗಿ ಬನ್ನಿ ಅಂತ.

ಉಪ್ಪಿನ ಅಂಗಡಿಯ ಹೆಂಗಸು ನಾನು ಊರು ಬಿಡುವ ತನಕ ತಮಾಷೆ ಬಿಡಲಿಲ್ಲ. ಹಾಲು ಕೊಳ್ಳಲಿ, ಸೋಪು ಕೊಳ್ಳಲಿ, ಕೊನೆಗೆ ಕಪಾಟಿನ ಕಡೆ ಕೈ ತೋರಿಸಿ ‘ಯೆನ್1 ಯಾವ್4 ಮ?’ ಅನ್ನುತ್ತಿದ್ದಳು. ನಾನು ‘ಪು2 ಯಾವ್4’. ಅವಳು ನಗುತ್ತಾ ‘ಮಾನ್4 ತ್ಸೊವ್3’.